ಷರ್ಲಾಕ್ ಹೋಮ್ಸ್‌ನ ಜನಕ ಮತ್ತು ಪಾರ್ಸಿ ಪಾದ್ರಿಯ ಮಗ

ಪತ್ತೇದಾರಿ ಕಾದಂಬರಿಗಳ ಓದು ಮಕ್ಕಳನ್ನು ಕೆಡಿಸುತ್ತದೆ ಎಂಬ ನಂಬಿಕೆ ನಮ್ಮ ಬಾಲ್ಯದಲ್ಲಿ ಬಲವಾಗಿತ್ತು. ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದಿದ ತಲೆಮಾರು ನಮ್ಮದು. ಮುಂದೆ ನಾನೇ ಅಧ್ಯಾಪಕನಾಗಿ ಇತಿಹಾಸ ಬೋಧಿಸತೊಡಗಿದ ಮೇಲೆ ನನಗೆ ಒಂದು ಸಂಗತಿ ಮನವರಿಕೆಯಾಯಿತು. ಇತಿಹಾಸಕಾರನ ಕೆಲಸಕ್ಕೂ ಪತ್ತೇದಾರನ ಕೆಲಸಕ್ಕೂ ದೂರದ ನಂಟಲ್ಲ, ಹತ್ತಿರದ ನಂಟೇ ಇದೆ. ಇಬ್ಬರೂ ನಡೆದುಹೋದ ಘಟನೆಯನ್ನು ಉಳಿದಿರುವ ಕುರುಹುಗಳಿಂದ ಮರಳಿ ಕಟ್ಟಬೇಕು. ಇಬ್ಬರೂ ಊಹೆ ಯಾವುದು, ಆಧಾರ ಯಾವುದು ಎಂದು ಬೇರ್ಪಡಿಸಬೇಕು. ಆದುದರಿಂದ ಈ ಬಾರಿ ಷರ್ಲಾಕ್ ಹೋಮ್ಸ್ ಎಂಬ ಪಾತ್ರವನ್ನು ಸೃಷ್ಟಿಸಿದ ಸರ್ ಆರ್ಥರ್ ಕಾನನ್ ಡಾಯ್ಲ್‌ನ ಓದು, ಬರಹ ಮತ್ತು ಆತ ತನ್ನ ಬದುಕಿನಲ್ಲಿ ನಿಜವಾಗಿ ಕೈಗೊಂಡ ಒಂದು ಪತ್ತೇದಾರಿಯ ಕುರಿತು ಬರೆಯಲು ಬಯಸುತ್ತೇನೆ. ಆ ಪತ್ತೇದಾರಿಯ ಕೇಂದ್ರದಲ್ಲಿದ್ದವನು ಮುಂಬಯಿ ಮೂಲದ ಪಾರ್ಸಿಯೊಬ್ಬರ ಮಗ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಊಟವೋ ಪುಸ್ತಕವೋ

ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಂದೆ ಚಾರ್ಲ್ಸ್ ಚಿತ್ರಕಲೆ ಬಲ್ಲವನು, ಆದರೆ ಕುಡಿತಕ್ಕೆ ದಾಸನಾಗಿ ಕೊನೆಯ ವರ್ಷಗಳನ್ನು ಮಾನಸಿಕ ಚಿಕಿತ್ಸಾಲಯಗಳಲ್ಲಿ ಕಳೆದವನು. ಸಂಸಾರದ ಭಾರವನ್ನು ಹೊತ್ತವಳು ತಾಯಿ ಮೇರಿ. ಆಕೆ ಕಥೆ ಹೇಳುವುದರಲ್ಲಿ ನಿಪುಣೆ. ತನ್ನಲ್ಲಿ ಕಥನದ ಬೀಜ ಬಿದ್ದದ್ದು ತಾಯಿಯ ಬಾಯಿಂದಲೇ ಎಂದು ಡಾಯ್ಲ್ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ. ಹುಡುಗನ ಓದಿನ ವೇಗ ಎಷ್ಟಿತ್ತೆಂದರೆ, ಒಂದೇ ದಿನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಬಾರಿ ಪುಸ್ತಕ ಬದಲಾಯಿಸಿ ಕೊಡಲಾಗದು ಎಂದು ಅಲ್ಲಿನ ಪುಟ್ಟ ಗ್ರಂಥಾಲಯವೊಂದು ತಾಯಿಗೆ ತಿಳಿಸಬೇಕಾಯಿತಂತೆ! ಆ ವಯಸ್ಸಿನಲ್ಲಿ ಆತನಿಗೆ ಪ್ರಿಯನಾದ ಲೇಖಕ ಮೇಯ್ನ್ ರೀಡ್. ಅಮೆರಿಕದ ಬಯಲುಗಳ ಸಾಹಸ ಕಥೆಗಳನ್ನು ಬರೆದವನು.

ಡಾಯ್ಲ್ ತನ್ನ ಓದಿನ ರುಚಿಗಳನ್ನು ಕುರಿತೇ 'ಥ್ರೂ ದ ಮ್ಯಾಜಿಕ್ ಡೋರ್' ಎಂಬ ಪುಸ್ತಕವನ್ನು 1907ರಲ್ಲಿ ಪ್ರಕಟಿಸಿದ. ತನ್ನ ಪುಸ್ತಕದ ಕಪಾಟಿನ ಮುಂದೆ ನಿಂತು ಒಂದೊಂದೇ ಗ್ರಂಥವನ್ನು ಕೈಗೆತ್ತಿಕೊಂಡು ಗೆಳೆಯನೊಡನೆ ಮಾತನಾಡಿದಂತಿದೆ ಅದರ ಧಾಟಿ. ಅದರಲ್ಲಿ ವಿದ್ಯಾರ್ಥಿ ದೆಸೆಯ ಒಂದು ಪ್ರಸಂಗ ಬರುತ್ತದೆ. ವೈದ್ಯಕೀಯ ಓದುತ್ತಿದ್ದಾಗ ಆತನ ಮಧ್ಯಾಹ್ನದ ಊಟಕ್ಕೆ ದೊರೆಯುತ್ತಿದ್ದದ್ದು ಮೂರು ಪೆನ್ನಿ. ಕಾಲೇಜಿನ ದಾರಿಯಲ್ಲಿ ಒಂದು ಹಳೆಯ ಪುಸ್ತಕದ ಅಂಗಡಿ. ಅದರ ಬಾಗಿಲ ಬಳಿಯ ತೊಟ್ಟಿಯಲ್ಲಿ ಹರಕು ಮುರುಕು ಪುಸ್ತಕಗಳ ರಾಶಿ. ಯಾವುದನ್ನು ತೆಗೆದರೂ ಬೆಲೆ ಅದೇ ಮೂರು ಪೆನ್ನಿ. ಹಸಿದ ಹೊಟ್ಟೆಗೂ ಹಸಿದ ಮನಸ್ಸಿಗೂ ದಿನವೂ ಜಗಳ. ಹೆಚ್ಚು ದಿನ ಗೆಲ್ಲುತ್ತಿದ್ದದ್ದು ಹೊಟ್ಟೆಯೇ, ಆದರೆ ಅಪರೂಪಕ್ಕೊಮ್ಮೆ ಪುಸ್ತಕ ಗೆದ್ದದ್ದೂ ಉಂಟು. ಹೀಗೆ ಊಟ ಬಿಟ್ಟು ಕೊಂಡ ಗ್ರಂಥಗಳನ್ನು ಆತ ಸಿರಿವಂತನಾದ ಮೇಲೂ ಕಪಾಟಿನಲ್ಲಿ ಆದರದಿಂದ ಇರಿಸಿಕೊಂಡಿದ್ದ.

ಆತನಿಗೆ ಅತ್ಯಂತ ಪ್ರಿಯವಾದ ಗ್ರಂಥಗಳಲ್ಲಿ ಒಂದು ಮೆಕಾಲೆಯ ಪ್ರಬಂಧಗಳ ಸಂಪುಟ. ಹೌದು, 1835ರ ಟಿಪ್ಪಣಿಯಿಂದ ನಮ್ಮ ದೇಶದ ಶಿಕ್ಷಣದ ದಿಕ್ಕನ್ನೇ ತಿರುಗಿಸಿದ ಅದೇ ಮೆಕಾಲೆ. ಕ್ಲೈವ್, ವಾರನ್ ಹೇಸ್ಟಿಂಗ್ಸ್ ಕುರಿತಾದ ಪ್ರಸಿದ್ಧ ಪ್ರಬಂಧಗಳನ್ನು ಬರೆದವನೂ ಅವನೇ. ಇತಿಹಾಸ ಒಣ ಇಸವಿಗಳ ಪಟ್ಟಿಯಲ್ಲ, ಪ್ರವೇಶಿಸಿ ಸುತ್ತಾಡಬಹುದಾದ ಒಂದು ಲೋಕ ಎಂಬ ಅರಿವು ಡಾಯ್ಲ್‌ಗೆ ಉಂಟಾದದ್ದು ಆ ಸಂಪುಟದಿಂದ. ಅದರ ಜೊತೆಗೆ ವಾಲ್ಟರ್ ಸ್ಕಾಟ್‌ನ ಐತಿಹಾಸಿಕ ಕಾದಂಬರಿಗಳು, ಗಿಬ್ಬನ್‌ನ ರೋಮ್ ಇತಿಹಾಸ, ಬಾಸ್ವೆಲ್ ಬರೆದ ಜಾನ್ಸನ್ ಚರಿತ್ರೆ. ಸಣ್ಣಕಥೆಯ ಕ್ಷೇತ್ರದಲ್ಲಿ ಆತ ಗುರುವೆಂದು ಒಪ್ಪಿದ್ದು ಅಮೆರಿಕದ ಎಡ್ಗರ್ ಅಲನ್ ಪೋನನ್ನು. ಪೋನ ದ್ಯೂಪಿನ್, ಫ್ರೆಂಚ್ ಲೇಖಕ ಗಬೋರಿಯೋನ ಲೆಕಾಕ್ ಇವರಿಬ್ಬರೂ ಹೋಮ್ಸ್‌ನ ಪೂರ್ವಜರು. ತಮಾಷೆಯೆಂದರೆ, ಮೊದಲ ಕಾದಂಬರಿಯಲ್ಲೇ ಹೋಮ್ಸ್ ಈ ಇಬ್ಬರು ಹಿರಿಯರನ್ನೂ ಹೀಗಳೆದು ಮಾತನಾಡುತ್ತಾನೆ. ಸಾಲ ಪಡೆದವನು ಸಾಲಿಗನನ್ನು ಬೈದಂತೆ!

ಗುರುವಿನ ಕಣ್ಣು

ಪುಸ್ತಕಗಳಿಗಿಂತ ಮಿಗಿಲಾದ ಪ್ರೇರಣೆ ಒಬ್ಬ ಅಧ್ಯಾಪಕರಿಂದ ಬಂದಿತು ಎಂಬುದು ನಮ್ಮಂಥವರಿಗೆ ಹೆಮ್ಮೆಯ ಸಂಗತಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಡಾಯ್ಲ್‌ಗೆ ಶಸ್ತ್ರವೈದ್ಯ ಡಾ. ಜೋಸೆಫ್ ಬೆಲ್ ಗುರುಗಳಾಗಿದ್ದರು. ಅವರು ಡಾಯ್ಲ್‌ನನ್ನು ಹೊರರೋಗಿಗಳ ವಿಭಾಗದಲ್ಲಿ ತಮ್ಮ ಗುಮಾಸ್ತನನ್ನಾಗಿ ಆರಿಸಿಕೊಂಡರು. ರೋಗಿ ಬಾಯಿ ತೆರೆಯುವ ಮೊದಲೇ ಆತನ ಉದ್ಯೋಗ, ಊರು, ಅಭ್ಯಾಸಗಳನ್ನು ಹೇಳಿಬಿಡುವುದು ಬೆಲ್ ಅವರ ವೈಶಿಷ್ಟ್ಯ. ಒಮ್ಮೆ ಬಂದ ರೋಗಿಯನ್ನು ನೋಡಿ, ಈತ ಸೈನ್ಯದಲ್ಲಿದ್ದವನು, ಬಿಡುಗಡೆಯಾಗಿ ಹೆಚ್ಚು ದಿನಗಳಾಗಿಲ್ಲ, ಕೆಳದರ್ಜೆಯ ಅಧಿಕಾರಿ, ಬಾರ್ಬಡೋಸ್‌ನಲ್ಲಿದ್ದವನು ಎಂದರು. ರೋಗಿ ಎಲ್ಲಕ್ಕೂ ಹೌದೆಂದ. ಬೆರಗಾದ ವಿದ್ಯಾರ್ಥಿಗಳಿಗೆ ಬೆಲ್ ವಿವರಿಸಿದರು: ಈತ ಮರ್ಯಾದಸ್ಥ, ಆದರೂ ಒಳಗೆ ಬಂದಾಗ ಟೋಪಿ ತೆಗೆಯಲಿಲ್ಲ, ಸೈನ್ಯದಲ್ಲಿ ತೆಗೆಯುವ ವಾಡಿಕೆಯಿಲ್ಲ, ನಾಗರಿಕ ಪದ್ಧತಿ ಇನ್ನೂ ರೂಢಿಯಾಗಿಲ್ಲ. ನಡೆಯಲ್ಲಿ ಅಧಿಕಾರದ ಗತ್ತು ಇದೆ. ಬಂದಿರುವುದು ಆನೆಕಾಲು ರೋಗಕ್ಕೆ. ಅದು ವೆಸ್ಟ್ ಇಂಡೀಸ್ ಕಡೆಯ ರೋಗ, ಬ್ರಿಟನ್ನಿನದಲ್ಲ.

ನೋಡುವುದು ಬೇರೆ, ಗಮನಿಸುವುದು ಬೇರೆ. ಈ ಪಾಠವನ್ನು ಡಾಯ್ಲ್ ಮರೆಯಲಿಲ್ಲ. 1882ರಲ್ಲಿ ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀ ಎಂಬಲ್ಲಿ ವೈದ್ಯವೃತ್ತಿ ಆರಂಭಿಸಿದ ಆತನಿಗೆ ರೋಗಿಗಳು ಕಡಿಮೆ, ಬಿಡುವು ಹೆಚ್ಚು. ಆ ಬಿಡುವಿನಲ್ಲಿ 1886ರಲ್ಲಿ ಬರೆದದ್ದೇ 'ಎ ಸ್ಟಡಿ ಇನ್ ಸ್ಕಾರ್ಲೆಟ್'. ನಾಯಕನಿಗೆ ಮೊದಲು ಯೋಚಿಸಿದ ಹೆಸರು ಷೆರಿನ್‌ಫೋರ್ಡ್. ವಾಟ್ಸನ್‌ಗೆ ಆರ್ಮಂಡ್ ಸ್ಯಾಕರ್. ಹಲವು ಪ್ರಕಾಶಕರ ತಿರಸ್ಕಾರದ ಬಳಿಕ ಒಬ್ಬರು 25 ಪೌಂಡಿಗೆ ಸಂಪೂರ್ಣ ಹಕ್ಕನ್ನು ಕೊಂಡು, 1887ರಲ್ಲಿ ಒಂದು ಕ್ರಿಸ್‌ಮಸ್ ವಾರ್ಷಿಕ ಸಂಚಿಕೆಯಲ್ಲಿ ಮುದ್ರಿಸಿದರು. ಅದರಿಂದ ಮುಂದೆ ಆತನಿಗೆ ಒಂದು ಬಿಡಿಗಾಸೂ ದೊರೆಯಲಿಲ್ಲ.

ಒಲ್ಲದ ಕೂಸು

1891ರಲ್ಲಿ ಡಾಯ್ಲ್ ಕಣ್ಣಿನ ವೈದ್ಯನಾಗಬೇಕೆಂದು ವಿಯೆನ್ನಾಗೆ ಹೋಗಿ ಸ್ವಲ್ಪ ಕಾಲ ಅಭ್ಯಾಸ ಮಾಡಿ, ಲಂಡನ್ನಿನಲ್ಲಿ ಚಿಕಿತ್ಸಾಲಯ ತೆರೆದ. ಒಬ್ಬ ರೋಗಿಯೂ ಹೊಸ್ತಿಲು ದಾಟಿ ಬರಲಿಲ್ಲ ಎಂದು ಆತನೇ ಬರೆದುಕೊಂಡಿದ್ದಾನೆ. ಅದೇ ವರ್ಷ ಜುಲೈನಿಂದ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್‌ನ ಸಣ್ಣಕಥೆಗಳು ಬರತೊಡಗಿದವು. ಧಾರಾವಾಹಿಯಾದರೆ ಒಂದು ಸಂಚಿಕೆ ತಪ್ಪಿದ ಓದುಗನಿಗೆ ಮುಂದಿನದು ಬೇಡವಾಗುತ್ತದೆ, ಬಿಡಿ ಕಥೆಗಳಾದರೆ ಸಂಬಂಧ ತಿಳಿಯುವುದಿಲ್ಲ. ಒಂದೇ ಪಾತ್ರ, ಆದರೆ ಪ್ರತಿ ತಿಂಗಳೂ ಸ್ವತಂತ್ರ ಕಥೆ ಎಂಬ ಮಧ್ಯಮ ಮಾರ್ಗ ಡಾಯ್ಲ್‌ಗೆ ಹೊಳೆಯಿತು. ಇಂದು ದೂರದರ್ಶನದ ಎಷ್ಟೋ ಸರಣಿಗಳು ನಡೆಯುತ್ತಿರುವುದು ಇದೇ ಸೂತ್ರದ ಮೇಲೆ.

ಬರೆಯುವುದರಲ್ಲಿ ಆತನದು ಶಿಸ್ತು, ಆದರೆ ಹೋಮ್ಸ್ ಕಥೆಗಳ ಮಟ್ಟಿಗೆ ಆತುರ. ಮೊದಲು ರಹಸ್ಯದ ಉತ್ತರವನ್ನು ನಿಶ್ಚಯಿಸಿಕೊಂಡು, ಅನಂತರ ಅದನ್ನು ಮರೆಮಾಚುತ್ತ ಹಿಂದಕ್ಕೆ ಬರುವುದು ಆತನ ಕ್ರಮ. ವಿವರಗಳ ಕಡೆ ಅಷ್ಟು ಲಕ್ಷ್ಯವಿಲ್ಲ. ಆಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ವಾಟ್ಸನ್‌ಗೆ ಗುಂಡು ತಗುಲಿದ್ದು ಮೊದಲ ಕಾದಂಬರಿಯಲ್ಲಿ ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ! 'ದ ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಭಾರತದಿಂದ ತಂದ ಹಾವೊಂದು ಹಗ್ಗದ ಮೇಲೆ ಹತ್ತಿ ಇಳಿಯುತ್ತದೆ, ಸಿಳ್ಳೆ ಹಾಕಿದರೆ ಹಿಂದಿರುಗುತ್ತದೆ, ಬಹುಮಾನವಾಗಿ ಹಾಲು ಕುಡಿಯುತ್ತದೆ. ಅಂಥ ಹಾವು ನಮ್ಮ ದೇಶದಲ್ಲಿಲ್ಲ. ಹಾಲು ಹಾವಿನ ಆಹಾರವೂ ಅಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಈ ವಿಷಯದಲ್ಲಿ ಡಾಯ್ಲ್‌ನನ್ನು ನೋಡಿ ಹೆಚ್ಚು ನಗುವಂತಿಲ್ಲ ಅನ್ನಿ. 1927ರಲ್ಲಿ ತನ್ನ ಉತ್ತಮ ಕಥೆಗಳನ್ನು ಆರಿಸಿದಾಗ ಡಾಯ್ಲ್ ಮೊದಲ ಸ್ಥಾನ ಕೊಟ್ಟದ್ದು ಈ ಕಥೆಗೇ.

ಆತನ ನಿಜವಾದ ಶ್ರಮವೆಲ್ಲ ಐತಿಹಾಸಿಕ ಕಾದಂಬರಿಗಳಿಗೆ ಮೀಸಲಾಗಿತ್ತು. ಹದಿನಾಲ್ಕನೆಯ ಶತಮಾನವನ್ನು ಚಿತ್ರಿಸುವ 'ದ ವೈಟ್ ಕಂಪನಿ'ಗಾಗಿ ರಾಶಿ ರಾಶಿ ಗ್ರಂಥಗಳನ್ನು ಓದಿದ. ಕೊನೆಯ ವಾಕ್ಯ ಬರೆದಾಗ ಸಂತೋಷ ತಡೆಯಲಾರದೆ ಲೇಖನಿಯನ್ನು ಕೋಣೆಯ ಆ ಬದಿಗೆ ಎಸೆದ. ಗೋಡೆಯ ಮೇಲೆ ಶಾಯಿಯ ಕಲೆ ಉಳಿಯಿತು. ಆದರೆ ಲೋಕ ಬಯಸಿದ್ದು ಹೋಮ್ಸ್‌ನನ್ನು. ತನ್ನ ಉತ್ತಮ ಕೃತಿಗಳಿಗೆ ಇವನೇ ಅಡ್ಡ ಬರುತ್ತಿದ್ದಾನೆ ಎಂದು ಬೇಸತ್ತು, 1891ರಲ್ಲೇ ಅವನನ್ನು ಕೊಲ್ಲುವ ವಿಚಾರವನ್ನು ತಾಯಿಗೆ ಬರೆದ. ತಾಯಿ ಬಿಲ್‌ಕುಲ್ ಒಪ್ಪಲಿಲ್ಲ. ಎರಡು ವರ್ಷ ಹೋಮ್ಸ್‌ನ ಆಯುಷ್ಯ ಬೆಳೆಯಿತು. 1893ರ ಡಿಸೆಂಬರ್‌ನಲ್ಲಿ ಸ್ವಿಟ್ಸರ್ಲೆಂಡಿನ ರೈಖೆನ್‌ಬಾಖ್ ಜಲಪಾತದಲ್ಲಿ ಡಾಯ್ಲ್ ಅವನನ್ನು ಕೆಡವಿಯೇಬಿಟ್ಟ. ಓದುಗರ ಸಿಟ್ಟು ನೆತ್ತಿಗೇರಿತು. 1901ರಲ್ಲಿ 'ಬಾಸ್ಕರ್‌ವಿಲ್ ಬೇಟೆನಾಯಿ' ಕಾದಂಬರಿಯಲ್ಲಿ ಹಳೆಯ ಪ್ರಕರಣವೆಂಬ ನೆಪದಿಂದ ಹೋಮ್ಸ್ ಕಾಣಿಸಿಕೊಂಡ. 1903ರಲ್ಲಿ ಬದುಕಿಯೇ ಮರಳಿದ. 1927ರವರೆಗೆ ಒಟ್ಟು 4 ಕಾದಂಬರಿ, 56 ಕಥೆಗಳು.

ಗ್ರೇಟ್ ವರ್ಲಿಯ ಪ್ರಕರಣ

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ.

ಷಾಪುರ್ಜಿ ಎಡಲ್ಜಿ ಎಂಬ ಪಾರ್ಸಿ ಗೃಹಸ್ಥರು ಕ್ರೈಸ್ತಧರ್ಮ ಸ್ವೀಕರಿಸಿ, ಇಂಗ್ಲೆಂಡಿಗೆ ಹೋಗಿ, ಆಂಗ್ಲ ಮಹಿಳೆಯನ್ನು ವಿವಾಹವಾಗಿ, 1876ರಲ್ಲಿ ಸ್ಟಾಫರ್ಡ್‌ಷೈರ್ ಪ್ರಾಂತದ ಗ್ರೇಟ್ ವರ್ಲಿ ಎಂಬ ಗಣಿಗಾರರ ಹಳ್ಳಿಗೆ ಪಾದ್ರಿಯಾದರು. ಅದೇ ವರ್ಷ ಹುಟ್ಟಿದ ಹಿರಿಯ ಮಗ ಜಾರ್ಜ್ ಕಾನೂನು ಓದಿ ಬರ್ಮಿಂಗ್‌ಹ್ಯಾಮಿನಲ್ಲಿ ಸಾಲಿಸಿಟರ್ ಆದ. ರೈಲ್ವೆ ಪ್ರಯಾಣಿಕರ ಹಕ್ಕುಗಳನ್ನು ಕುರಿತು ಒಂದು ಪುಸ್ತಕವನ್ನೂ ಬರೆದ. ಕುಡಿತವಿಲ್ಲ, ಜೂಜಿಲ್ಲ, ಸಂಕೋಚ ಸ್ವಭಾವದ ಪುಸ್ತಕಪ್ರಿಯ. ಆದರೆ ಆ ಹಳ್ಳಿಯ ಬಿಳಿಯರ ನಡುವೆ ಕಪ್ಪು ಬಣ್ಣದ ಪಾದ್ರಿಯ ಸಂಸಾರ ಎಂದೂ ಪರಕೀಯವೇ ಆಗಿ ಉಳಿಯಿತು. ಅನಾಮಧೇಯ ಬೆದರಿಕೆ ಪತ್ರಗಳು ವರ್ಷಗಟ್ಟಲೆ ಬಂದವು. ಪೊಲೀಸರು ಪತ್ರ ಬರೆದವನನ್ನು ಹುಡುಕುವ ಬದಲು ಜಾರ್ಜನ ಮೇಲೆಯೇ ಸಂಶಯಪಟ್ಟರು.

1903ರಲ್ಲಿ ಆ ಊರಿನ ಸುತ್ತಮುತ್ತ ರಾತ್ರಿ ವೇಳೆ ಯಾರೋ ಕುದುರೆ, ದನ, ಕುರಿಗಳ ಹೊಟ್ಟೆಯನ್ನು ಸೀಳತೊಡಗಿದರು. ಆಗಸ್ಟ್ 18ರ ಬೆಳಿಗ್ಗೆ ಗಣಿಯ ಕುದುರೆಮರಿಯೊಂದು ಗಾಯಗೊಂಡು ಸಿಕ್ಕಿತು. ಅದೇ ದಿನ ಜಾರ್ಜನ ಬಂಧನವಾಯಿತು. ಆತನ ಕೋಟಿನ ಮೇಲೆ ಕುದುರೆಯ ಕೂದಲು ಇದ್ದವೆಂದರು. ಕೈಬರಹ ತಜ್ಞನೊಬ್ಬ ಅನಾಮಧೇಯ ಪತ್ರಗಳು ಜಾರ್ಜನವೇ ಎಂದ. ಮಗ ಆ ರಾತ್ರಿ ತನ್ನ ಕೋಣೆಯಲ್ಲೇ ಮಲಗಿದ್ದ, ಬಾಗಿಲಿಗೆ ಬೀಗ ಹಾಕಿತ್ತು ಎಂದು ತಂದೆ ಪ್ರಮಾಣ ಮಾಡಿ ಹೇಳಿದರೂ ನ್ಯಾಯಾಲಯ ನಂಬಲಿಲ್ಲ. ಜಾರ್ಜ್ ಬಂಧನದಲ್ಲಿದ್ದಾಗಲೇ ಮತ್ತೊಂದು ಕುದುರೆಯ ಹೊಟ್ಟೆ ಸೀಳಲ್ಪಟ್ಟಿತು. ಅದು ಆತನ ತಂಡದವರ ಕೆಲಸ ಎಂದು ತೇಲಿಸಿಬಿಟ್ಟರು! ಏಳು ವರ್ಷಗಳ ಕಠಿಣ ಸೆರೆವಾಸದ ಶಿಕ್ಷೆಯಾಯಿತು. ಸುಮಾರು ಹತ್ತು ಸಾವಿರ ಜನ ಮನವಿಗೆ ಸಹಿ ಹಾಕಿದರು. ಮೂರು ವರ್ಷಗಳ ನಂತರ 1906ರ ಅಕ್ಟೋಬರ್‌ನಲ್ಲಿ ಯಾವ ಕಾರಣವನ್ನೂ ನೀಡದೆ ಆತನನ್ನು ಬಿಟ್ಟರು. ನಿರ್ದೋಷಿ ಎನ್ನಲಿಲ್ಲ. ಅಪರಾಧಿ ಎಂಬ ಪಟ್ಟ ಹೊತ್ತವನು ವಕೀಲಿ ಮಾಡುವಂತಿಲ್ಲ.

ಆ ವರ್ಷವೇ ಜುಲೈನಲ್ಲಿ ಡಾಯ್ಲ್‌ನ ಪತ್ನಿ ಲೂಯಿಸಾ ದೀರ್ಘಕಾಲದ ಕ್ಷಯದಿಂದ ತೀರಿಕೊಂಡಿದ್ದಳು. ಯಾವ ಕೆಲಸದಲ್ಲೂ ಮನಸ್ಸಿಲ್ಲದೆ ಕುಳಿತಿದ್ದ ಆತನ ಕಣ್ಣಿಗೆ ಪತ್ರಿಕೆಯೊಂದರಲ್ಲಿ ಜಾರ್ಜ್ ತಾನೇ ಬರೆದ ತನ್ನ ಕಥೆ ಬಿದ್ದಿತು. ದಾಖಲೆಗಳನ್ನು ತರಿಸಿ ಓದಿದ. ಲಂಡನ್ನಿನ ಹೋಟೆಲೊಂದರಲ್ಲಿ ಭೇಟಿ ಗೊತ್ತಾಯಿತು. ಡಾಯ್ಲ್ ಬರುವುದು ತಡವಾಗಿ, ಜಾರ್ಜ್ ಪತ್ರಿಕೆ ಓದುತ್ತ ಕುಳಿತಿದ್ದ. ಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಸ್ವಲ್ಪ ಓರೆಯಾಗಿಸಿ ಓದುತ್ತಿದ್ದ. ದೂರದಿಂದಲೇ ಇದನ್ನು ಕಂಡ ಡಾಯ್ಲ್‌ಗೆ ತೀವ್ರ ಸಮೀಪದೃಷ್ಟಿ ಮತ್ತು ಅದರೊಡನೆ ಇನ್ನೊಂದು ದೃಷ್ಟಿದೋಷ ಸ್ಪಷ್ಟವಾಯಿತು. ತಜ್ಞರ ಪರೀಕ್ಷೆಯೂ ಅದನ್ನೇ ಹೇಳಿತು. ಕೆಲವೇ ಮಾರು ದೂರದ ಮನುಷ್ಯನನ್ನು ಗುರುತಿಸಲಾಗದ ಇಂಥವನು ಮಳೆಗಾಲದ ಕತ್ತಲೆಯಲ್ಲಿ ರೈಲುಹಳಿ, ಬೇಲಿ, ಗದ್ದೆಗಳನ್ನು ದಾಟಿ, ಅರ್ಧ ಮೈಲಿ ನಡೆದು, ಗಾಬರಿಬೀಳುವ ಪ್ರಾಣಿಯನ್ನು ಹಿಡಿದು ಸೀಳಿ, ಯಾರ ಕಣ್ಣಿಗೂ ಬೀಳದೆ ಹಿಂದಿರುಗುವುದು ಸಾಧ್ಯವೇ? ಲಂಡನ್ನಿನಲ್ಲಿ ಒಬ್ಬ ರೋಗಿಯನ್ನೂ ತಂದುಕೊಡದ ಕಣ್ಣಿನ ವೈದ್ಯ ವಿದ್ಯೆ ಹದಿನಾರು ವರ್ಷಗಳ ಬಳಿಕ ಒಬ್ಬನ ಮಾನ ಕಾಯಲು ಬಳಕೆಯಾಯಿತು. ಬೆಲ್ ಅವರ ಪಾಠವೂ ಅಲ್ಲಿಯೇ ಸಾರ್ಥಕವಾಯಿತು.

ಡಾಯ್ಲ್ ಗ್ರೇಟ್ ವರ್ಲಿಗೆ ಹೋಗಿ ಆ ದಾರಿಯಲ್ಲಿ ತಾನೇ ನಡೆದು ನೋಡಿದ. ಕೋಟನ್ನೂ ಸತ್ತ ಪ್ರಾಣಿಯ ಚರ್ಮದ ತುಂಡನ್ನೂ ಒಟ್ಟಿಗೆ ಒಯ್ದಿದ್ದರಿಂದ ಕೂದಲಿನ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂದು ಎತ್ತಿ ತೋರಿಸಿದ. ಕೈಬರಹ ತಜ್ಞ ಅಡಾಲ್ಫ್ ಬೆಕ್ ಎಂಬ ಮತ್ತೊಬ್ಬ ನಿರಪರಾಧಿಯ ವಿಷಯದಲ್ಲಿಯೂ ತಪ್ಪು ಅಭಿಪ್ರಾಯ ಕೊಟ್ಟವನೇ. 1907ರ ಜನವರಿಯಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಡಾಯ್ಲ್‌ನ ದೀರ್ಘ ಲೇಖನ ಎರಡು ಭಾಗಗಳಲ್ಲಿ ಪ್ರಕಟವಾಯಿತು. ಯಾವ ಪತ್ರಿಕೆ ಬೇಕಾದರೂ ಮರುಮುದ್ರಿಸಲಿ ಎಂದು ಹಕ್ಕನ್ನೇ ಬಿಟ್ಟುಕೊಟ್ಟಿದ್ದ. ಒಂದೊಂದು ಪದಕ್ಕೂ ಹಣ ಬರುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇದಕ್ಕೆಲ್ಲ ಮೂಲ ವರ್ಣದ್ವೇಷ ಎಂದು ಆತ ಮುಚ್ಚುಮರೆಯಿಲ್ಲದೆ ಬರೆದ. ಫ್ರಾನ್ಸಿನಲ್ಲಿ ಯೆಹೂದಿ ಅಧಿಕಾರಿ ಡ್ರೈಫಸ್‌ಗೆ ಆದ ಅನ್ಯಾಯದೊಡನೆ ಹೋಲಿಸಿದ.

ಸರ್ಕಾರ ಸಮಿತಿ ನೇಮಿಸಿತು. ಪ್ರಾಣಿಹಿಂಸೆಯ ಆರೋಪದಿಂದ ಕ್ಷಮೆ ದೊರೆಯಿತು. ಆದರೆ ಪತ್ರಗಳನ್ನು ಬರೆದವನು ಆತನೇ, ತನ್ನ ಕಷ್ಟವನ್ನು ಸ್ವಲ್ಪಮಟ್ಟಿಗೆ ತಾನೇ ತಂದುಕೊಂಡ ಎಂದು ಹೇಳಿ ಪರಿಹಾರ ನಿರಾಕರಿಸಿದರು. ಮೂರು ವರ್ಷದ ಸೆರೆವಾಸಕ್ಕೆ ಒಂದು ಪೆನ್ನಿಯೂ ಇಲ್ಲ! ಡಾಯ್ಲ್ ಕೆಂಡವಾದ. ವಕೀಲರ ಸಂಘ ಮಾತ್ರ ಜಾರ್ಜನಿಗೆ ವೃತ್ತಿ ಮುಂದುವರಿಸಲು ಅವಕಾಶ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಡಾಯ್ಲ್ ಜೀನ್ ಲೆಕಿಯನ್ನು ವಿವಾಹವಾದಾಗ ಅತಿಥಿಗಳ ನಡುವೆ ಜಾರ್ಜ್ ಎಡಲ್ಜಿಯೂ ಇದ್ದ. ಬೆಕ್ ಮತ್ತು ಎಡಲ್ಜಿ ಪ್ರಕರಣಗಳು ಎಬ್ಬಿಸಿದ ಚರ್ಚೆಯ ಫಲವಾಗಿ 1907ರಲ್ಲೇ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯಕ್ಕೆ ಶಾಸನವಾಯಿತು. ಅಲ್ಲಿಯವರೆಗೆ ಶಿಕ್ಷೆಗೊಳಗಾದ ನಿರಪರಾಧಿ ನ್ಯಾಯ ಕೇಳಿಕೊಂಡು ಹೋಗಲು ಸರಿಯಾದ ಬಾಗಿಲೇ ಇರಲಿಲ್ಲ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಒಮ್ಮೆ ಪರೀಕ್ಷಾ ಶುಲ್ಕದ ಹಣ ಕಾಣೆಯಾಯಿತು. ಯಾರೂ ಏನೂ ಕಂಡಿರಲಿಲ್ಲ. ಆದರೂ ಎಲ್ಲರ ದೃಷ್ಟಿ ಹರಿದದ್ದು ಹರಕು ಅಂಗಿಯ ಒಬ್ಬನೇ ಹುಡುಗನತ್ತ. ಎರಡು ದಿನಗಳ ಮೇಲೆ ಹಣದ ಲಕೋಟೆ ಬೀರುವಿನ ಹಿಂದೆ ಬಿದ್ದದ್ದು ಸಿಕ್ಕಿತು. ಆ ಹುಡುಗನ ಮುಖ ಮೊದಲಿನಂತಾಗಲು ಮಾತ್ರ ಬಹಳ ದಿನ ಬೇಕಾಯಿತು. ಗ್ರೇಟ್ ವರ್ಲಿಯ ಕಥೆ ಓದುವಾಗಲೆಲ್ಲ ನನಗೆ ಆ ಮುಖ ನೆನಪಾಗುತ್ತದೆ.

ಕಂಡದ್ದು, ಕಾಣದ್ದು

ಡಾಯ್ಲ್ ಇಲ್ಲಿಗೇ ನಿಲ್ಲಲಿಲ್ಲ. 1909ರಲ್ಲಿ ಗ್ಲಾಸ್ಗೋದಲ್ಲಿ ವೃದ್ಧೆಯೊಬ್ಬಳ ಕೊಲೆಗಾಗಿ ಶಿಕ್ಷೆಗೊಳಗಾದ ಜರ್ಮನ್ ಯೆಹೂದಿ ಆಸ್ಕರ್ ಸ್ಲೇಟರ್ ಪರವಾಗಿ 1912ರಲ್ಲಿ ಪುಸ್ತಕ ಬರೆದ. ಸ್ಲೇಟರ್ ಸಭ್ಯನೇನೂ ಅಲ್ಲ. ಡಾಯ್ಲ್‌ಗೆ ಆತನ ಜೀವನಕ್ರಮ ಹಿಡಿಸುತ್ತಲೂ ಇರಲಿಲ್ಲ. ಆದರೆ ಕೆಟ್ಟವನೆಂಬುದು ಬೇರೆ, ಕೊಲೆಗಾರನೆಂಬುದು ಬೇರೆ. ಹದಿನೆಂಟು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು 1927ರಲ್ಲಿ ಸ್ಲೇಟರ್ ಹೊರಬಂದ; ಮರುವರ್ಷ ಶಿಕ್ಷೆ ರದ್ದಾಯಿತು.

ಇಷ್ಟು ಸೂಕ್ಷ್ಮ ಬುದ್ಧಿಯವನು ತನ್ನ ಕೊನೆಯ ವರ್ಷಗಳಲ್ಲಿ ಪ್ರೇತಗಳೊಡನೆ ಮಾತನಾಡುವ ಮಂಡಲಿಗಳನ್ನು ನಂಬಿದ. ಕಾಟಿಂಗ್ಲಿ ಎಂಬ ಊರಿನ ಇಬ್ಬರು ಹುಡುಗಿಯರು ಕಾಗದದ ಚಿತ್ರಗಳನ್ನು ಕತ್ತರಿಸಿ ನಿಲ್ಲಿಸಿ ತೆಗೆದ ಛಾಯಾಚಿತ್ರಗಳನ್ನು ನಿಜವಾದ ಯಕ್ಷಿಣಿಯರೆಂದು ಒಪ್ಪಿ 1922ರಲ್ಲಿ ಪುಸ್ತಕವನ್ನೇ ಬರೆದ. ಹೀಗೇಕೆ ಎಂದು ಅನೇಕರು ಹಾಸ್ಯ ಮಾಡುತ್ತಾರೆ. 1918ರಲ್ಲಿ ಆತನ ಮಗ ಕಿಂಗ್ಸ್‌ಲಿ ಯುದ್ಧದ ಗಾಯದಿಂದ ಬಳಲಿ, ಜ್ವರಕ್ಕೆ ತುತ್ತಾಗಿ ತೀರಿಕೊಂಡಿದ್ದ; ಮರುವರ್ಷ ತಮ್ಮನೂ ಹೋದ. ಪ್ರೇತವಿದ್ಯೆಯಲ್ಲಿ ಆತನ ಆಸಕ್ತಿ ಅದಕ್ಕಿಂತ ಹಳೆಯದು ನಿಜ. ಆದರೆ ಸತ್ತವರು ಇನ್ನೂ ಎಲ್ಲೋ ಇದ್ದಾರೆ ಎಂದು ನಂಬಬಯಸುವ ಮನಸ್ಸು ಸಾಕ್ಷ್ಯವನ್ನು ತೂಗಿ ನೋಡುವುದು ಕಷ್ಟ. ಗ್ರೇಟ್ ವರ್ಲಿಯ ಜನ ದ್ವೇಷದಿಂದ ತಮಗೆ ಬೇಕಾದುದನ್ನು ಕಂಡರು. ಡಾಯ್ಲ್ ಪ್ರೀತಿಯಿಂದ ತನಗೆ ಬೇಕಾದುದನ್ನು ಕಂಡ. ಎರಡರಿಂದಲೂ ಕಣ್ಣು ಮಂಜಾಗುತ್ತದೆ. ಆದರೆ ಮೊದಲನೆಯದು ಒಬ್ಬ ನಿರಪರಾಧಿಯನ್ನು ಸೆರೆಮನೆಗೆ ತಳ್ಳಿತು, ಎರಡನೆಯದು ಒಬ್ಬ ಮುದುಕನನ್ನು ನಗೆಪಾಟಲಿಗೆ ಈಡುಮಾಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗದು.

1930ರ ಜುಲೈ 7ರಂದು ಡಾಯ್ಲ್ ನಿಧನನಾದ. ಜಾರ್ಜ್ ಎಡಲ್ಜಿ 1953ರವರೆಗೂ ಬದುಕಿದ್ದ. ಆತನಿಗೆ ಪರಿಹಾರ ಕೊನೆಯವರೆಗೂ ದೊರೆಯಲಿಲ್ಲ. ತನ್ನ ಐತಿಹಾಸಿಕ ಕಾದಂಬರಿಗಳಿಂದ ಹೆಸರು ಉಳಿಯಬೇಕೆಂದು ಡಾಯ್ಲ್ ಬಯಸಿದ್ದ, ಉಳಿದದ್ದು ಹೋಮ್ಸ್‌ನಿಂದ. ನನ್ನ ಮಟ್ಟಿಗೆ ಕೇಳಿದರೆ, ಅರವತ್ತು ಹೋಮ್ಸ್ ಕಥೆಗಳ ಪಕ್ಕದಲ್ಲಿ 1907ರ ಆ ಒಂದು ಪತ್ರಿಕಾ ಲೇಖನವನ್ನು ಇಡುತ್ತೇನೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಇಂದು ವಕೀಲರು, ಕೆಲವರು ಪೊಲೀಸ್ ಇಲಾಖೆಯಲ್ಲಿದ್ದೀರಿ, ಹಲವರು ಅಧ್ಯಾಪಕರು, ಎಲ್ಲರೂ ತಂದೆತಾಯಿಯರು. ಯಾರದಾದರೂ ಮೇಲೆ ಬೆರಳು ತೋರಿಸುವ ಸಂದರ್ಭ ನಿಮಗೆ ಬಂದೇ ಬರುತ್ತದೆ. ಆಗ ಒಂದು ಗಳಿಗೆ ತಡೆದು, ನನ್ನಲ್ಲಿರುವುದು ಸಾಕ್ಷ್ಯವೋ ಬರಿಯ ಸಂಶಯವೋ ಎಂದು ಕೇಳಿಕೊಳ್ಳಿ. ನಿಮ್ಮ ಮಕ್ಕಳು ಪಠ್ಯಪುಸ್ತಕದ ನಡುವೆ ಪತ್ತೇದಾರಿ ಕಥೆ ಅಡಗಿಸಿಟ್ಟುಕೊಂಡು ಓದುವುದನ್ನು ಕಂಡರೆ ಗದರಬೇಡಿ. ಓದಿ ಮುಗಿದ ಮೇಲೆ ಈ ಪಾರ್ಸಿ ಪಾದ್ರಿಯ ಮಗನ ಕಥೆಯನ್ನೂ ಅವರಿಗೆ ಹೇಳಿ.